ಬೈಕೂ ಹಾಸಿಗೆಯೂ ಒಂದೇ ಗಾಡಿಯಲ್ಲಿ: ಕರಾವಳಿಯವರು ಟಾಯ್ ಹಾಲರ್ ಆರಿಸಿಕೊಳ್ಳುವ ಬಗೆ

ಶನಿವಾರ ಬೆಳಿಗ್ಗೆ ಉಡುಪಿಯಿಂದ ಬೈಕಿನಲ್ಲೇ ಹೊರಟು, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿ, ಕೊಪ್ಪದ ಕಡೆಯ ಪರಿಚಯದವರ ತೋಟದ ಮಣ್ಣುದಾರಿಯಲ್ಲಿ ದಿನವಿಡೀ ಓಡಾಡಿ, ಭಾನುವಾರ ಸಂಜೆ ಅದೇ ಬೈಕಿನಲ್ಲಿ ಘಾಟಿ ಇಳಿದು ಬಂದವರಿಗೆ ಈ ಹವ್ಯಾಸದ ಕಷ್ಟ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಮಣ್ಣಿಗೆಂದು ಹಾಕಿಸಿದ ಟಯರು ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಒದ್ದೆ ಹೆದ್ದಾರಿಯಲ್ಲಿ ಹಿಡಿತ ಬಿಡುತ್ತದೆ. ತೋಟದಲ್ಲಿ ಬಿದ್ದು ಗೇರಿನ ಕಡ್ಡಿಯೋ ಬ್ರೇಕಿನ ಕೊಳವೆಯೋ ಮುರಿದರೆ ಮನೆ ಸೇರುವುದಕ್ಕೆ ಬೇರೆ ದಾರಿ ಇರುವುದಿಲ್ಲ. ಕವಾಸಾಕಿ ಕೆಎಕ್ಸ್ 250ರಂಥ ಸ್ಪರ್ಧೆಯ ಬೈಕುಗಳಿಗೂ ಎಟಿವಿ ಎಂಬ ನಾಲ್ಕು ಚಕ್ರದ ಮಣ್ಣುದಾರಿ ಗಾಡಿಗಳಲ್ಲಿ ಹೆಚ್ಚಿನವಕ್ಕೂ ರಸ್ತೆಯ ನೋಂದಣಿಯೇ ಇಲ್ಲದ ಕಾರಣ, ಅವುಗಳನ್ನು ಹೊತ್ತುಕೊಂಡೇ ಹೋಗಬೇಕು. ಹೊತ್ತೊಯ್ಯುವ ಗಾಡಿಯಲ್ಲೇ ರಾತ್ರಿ ಮಲಗಲು ಜಾಗವೂ ಇದ್ದರೆ ಎಷ್ಟು ಚೆನ್ನ ಎಂಬ ಯೋಚನೆ ಅಲ್ಲಿಂದ ಶುರುವಾಗುತ್ತದೆ.

ಅಮೆರಿಕದಲ್ಲಿ ಇಂಥ ಗಾಡಿಗೆ ಟಾಯ್ ಹಾಲರ್ ಎನ್ನುತ್ತಾರೆ. ಮುಂದಿನ ಭಾಗದಲ್ಲಿ ಹಾಸಿಗೆ, ಒಲೆ, ಶೌಚಾಲಯ, ಹಿಂಭಾಗದಲ್ಲಿ ಗ್ಯಾರೇಜು, ಆ ಗ್ಯಾರೇಜಿನ ಬಾಗಿಲೇ ಕೆಳಕ್ಕೆ ಬಿಚ್ಚಿಕೊಂಡು ಬೈಕು ಹತ್ತಿಸುವ ರ್‍ಯಾಂಪ್ ಆಗುತ್ತದೆ. ಅಲ್ಲಿಯ ದೊಡ್ಡ ಗಾಡಿಗಳು ಎಂಟೂವರೆ ಅಡಿ ಅಗಲ, 40 ಅಡಿ ಉದ್ದ ಇರುತ್ತವೆ. ಅವನ್ನು ಎಳೆಯಲು ಭಾರಿ ಪಿಕಪ್ ಟ್ರಕ್ಕುಗಳೇ ಬೇಕು. ಯೂಟ್ಯೂಬಿನಲ್ಲಿ ಅವನ್ನು ನೋಡಿ ಆಸೆಪಟ್ಟು, ಅದರ ಸಣ್ಣ ಪ್ರತಿಯೊಂದನ್ನು ಇಲ್ಲಿ ಕಟ್ಟಿಸಿಕೊಳ್ಳಲು ಹೊರಡುವವರು ಸಾಮಾನ್ಯವಾಗಿ ಹಾಸಿಗೆಯಿಂದ, ಅಡುಗೆ ಕಟ್ಟೆಯಿಂದ ಲೆಕ್ಕ ಶುರುಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ, ಅದಕ್ಕೆ ಬೆಲೆಯನ್ನೂ ತೆತ್ತೆ. ನಮ್ಮ ಊರಿನಿಂದ ಪೂರ್ವಕ್ಕೆ ಎತ್ತ ಹೋದರೂ ಒಂದು ಘಾಟಿ ಹತ್ತಲೇಬೇಕು, ಹಿಂದಿರುಗುವಾಗ ಅದನ್ನು ಇಳಿಯಲೇಬೇಕು. ಮನೆಯಲ್ಲಿ ನಿಲ್ಲಿಸಿದರೆ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಆದ್ದರಿಂದ ಇಲ್ಲಿಯವರು ಮೊದಲು ತೂಕವನ್ನೂ ಬ್ರೇಕನ್ನೂ, ಅದಾದ ಮೇಲೆ ತುಕ್ಕನ್ನೂ ನೋಡಿ, ಹಾಸಿಗೆಯನ್ನು ಕೊನೆಗಿಡಬೇಕು. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಹೆಜ್ಜೆ 1: ಹೊರುವುದೇನು ಎಂದು ಅಳೆದು ಬರೆದುಕೊಳ್ಳಿ

ಗಾಡಿ ನೋಡಲು ಹೋಗುವ ಮೊದಲು ಅಳತೆಪಟ್ಟಿ ಹಿಡಿದು ನಿಮ್ಮ ಬೈಕಿನ ಪಕ್ಕ ನಿಲ್ಲಿ. ಮುಂದಿನ ಟಯರಿನ ತುದಿಯಿಂದ ಹಿಂದಿನ ಮಡ್‌ಗಾರ್ಡಿನ ತುದಿಯವರೆಗೆ ಉದ್ದ, ಹ್ಯಾಂಡಲಿನ ಅಗಲ, ನೆಲದಿಂದ ಹ್ಯಾಂಡಲಿನವರೆಗೆ ಎತ್ತರ ಈ ಮೂರನ್ನೂ ಬರೆದುಕೊಳ್ಳಿ. ಹೀರೋ ಎಕ್ಸ್‌ಪಲ್ಸ್ 200ರಂಥ ಬೈಕಿನ ಉದ್ದ 2.2 ಮೀಟರಿನಷ್ಟು, ಹ್ಯಾಂಡಲಿನ ಅಗಲ 85 ಸೆಂಟಿಮೀಟರಿನಷ್ಟು, ತೂಕ ಸುಮಾರು 160 ಕಿಲೊ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಆದರೆ ತೂಕ 200 ಕಿಲೊದ ಹತ್ತಿರ ಬರುತ್ತದೆ. ಸ್ಪರ್ಧೆಯ ಬೈಕು ಇದಕ್ಕಿಂತ ಬಹಳ ಹಗುರ, 110 ಕಿಲೊದ ಆಸುಪಾಸು. ಎಟಿವಿ ಮಾತ್ರ ಬೇರೆಯೇ ಲೆಕ್ಕ: ಅದು ಮುನ್ನೂರು ಕಿಲೊ ದಾಟುವುದು ಸಾಮಾನ್ಯ, ಅಗಲವೂ ಒಂದು ಮೀಟರಿಗಿಂತ ಹೆಚ್ಚು; ಇಬ್ಬರು ಅಕ್ಕಪಕ್ಕ ಕುಳಿತು ಓಡಿಸುವ ಬಗ್ಗಿಯಾದರೆ ಅದಕ್ಕಿಂತಲೂ ಭಾರ.

ಎರಡು ಬೈಕನ್ನು ಒಂದರ ಪಕ್ಕ ಒಂದನ್ನು ನಿಲ್ಲಿಸುವಾಗ ಎರಡು ಹ್ಯಾಂಡಲುಗಳ ಅಗಲವನ್ನು ಕೂಡಿಸಬೇಕೆಂದಿಲ್ಲ. ಒಂದನ್ನು ಮುಂದೆ ಮುಖ ಮಾಡಿ, ಇನ್ನೊಂದನ್ನು ಹಿಂದೆ ಮುಖ ಮಾಡಿ ನಿಲ್ಲಿಸಿದರೆ ಒಂದರ ಹ್ಯಾಂಡಲು ಇನ್ನೊಂದರ ಸೀಟಿನ ಪಕ್ಕಕ್ಕೆ ಬಂದು ಜಾಗ ಉಳಿಯುತ್ತದೆ. ಇದನ್ನು ಕಾಗದದ ಮೇಲೆ ನಂಬಬೇಡಿ. ಮನೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು, ಬೈಕುಗಳನ್ನು ಆ ಗೆರೆಯೊಳಗೆ ನಿಲ್ಲಿಸಿ, ನಡುವೆ ನೀವು ಬಗ್ಗಿ ಬೆಲ್ಟು ಕಟ್ಟಲು ಜಾಗ ಉಳಿಯುತ್ತದೆಯೇ ಎಂದು ನೋಡಿ. ನಾವು ಎಳೆದ ಮೊದಲ ಗೆರೆಯಲ್ಲಿ ಬೈಕುಗಳು ಚೆನ್ನಾಗಿಯೇ ಹಿಡಿದಿದ್ದವು, ಕಟ್ಟುವವನಿಗೆ ಕಾಲಿಡಲು ಜಾಗ ಇರಲಿಲ್ಲ.

ಹಾಗೆಯೇ ಮನೆಯ ದಾರಿಯನ್ನೂ ಅಳೆಯಿರಿ. ನಮ್ಮ ಕಡೆಯ ಹಳೆಯ ಮನೆಗಳ ಒಳದಾರಿಯ ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರ ಇರುತ್ತದೆ. ಗೇಟಿನ ಅಗಲ ಸಾಕಷ್ಟಿದ್ದರೂ ಅದರ ಎದುರಿನ ತಿರುವಿನಲ್ಲಿ ಟ್ರೈಲರನ್ನು ಹಿಂದಕ್ಕೆ ತಿರುಗಿಸಲು ಆಗದೆ, ಕೊನೆಗೆ ರಸ್ತೆಯ ಬದಿಯಲ್ಲೇ ಬಿಡಬೇಕಾದ ಸ್ಥಿತಿ ಬರಬಾರದು.

ಹೆಜ್ಜೆ 2: ಮೂರು ಬಗೆಗಳಲ್ಲಿ ಒಂದನ್ನು ಆರಿಸಿ

ನಮ್ಮಲ್ಲಿ ಈ ಕೆಲಸಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಪಿಕಪ್. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಮುಂತಾದ ನಾಲ್ಕು ಬಾಗಿಲಿನ ಪಿಕಪ್‌ಗಳು ನೋಡಲು ಚೆಂದ, ಓಡಿಸಲೂ ಸುಖ. ಆದರೆ ಅವುಗಳ ಹಿಂದಿನ ತೊಟ್ಟಿಯ ಉದ್ದ ಒಂದೂವರೆ ಮೀಟರಿನ ಆಸುಪಾಸು ಮಾತ್ರ. 2.2 ಮೀಟರಿನ ಬೈಕನ್ನು ಅದರಲ್ಲಿ ಇಟ್ಟರೆ ಹಿಂಬಾಗಿಲು ಮುಚ್ಚುವುದಿಲ್ಲ. ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ 20,000 ರೂಪಾಯಿ ದಂಡವಿದೆ ಎಂಬುದನ್ನು ಇಂಥ ಪಿಕಪ್ ಕೊಳ್ಳುವ ಮೊದಲೇ ನೆನಪಿಟ್ಟುಕೊಳ್ಳಬೇಕು. ಎರಡೇ ಬಾಗಿಲಿನ, ಸರಕು ಸಾಗಿಸುವ ಬೊಲೆರೊ ಪಿಕಪ್‌ನಂಥ ಗಾಡಿಯ ತೊಟ್ಟಿ ಎರಡೂವರೆ ಮೀಟರಿಗಿಂತ ಉದ್ದವಿರುತ್ತದೆ, ಒಂದು ಟನ್ನಿಗಿಂತ ಹೆಚ್ಚು ಹೊರುತ್ತದೆ. ಬೈಕನ್ನು ಇಳಿಸಿದ ಮೇಲೆ ಅದೇ ತೊಟ್ಟಿಯಲ್ಲಿ ಮಡಚುವ ಹಾಸಿಗೆ ಬಿಡಿಸಿ, ಮೇಲೆ ತಾಡಪಾಲಿನ ಹುಡ್ ಹಾಕಿ ಇಬ್ಬರು ಮಲಗಬಹುದು. ವರ್ಷಕ್ಕೆ ನಾಲ್ಕೈದು ಸಲ ಹೋಗುವ ಇಬ್ಬರು ಗೆಳೆಯರಿಗೆ ಇದಕ್ಕಿಂತ ಮಿತವ್ಯಯದ ವ್ಯವಸ್ಥೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕುಟುಂಬವನ್ನು ಕರೆದೊಯ್ಯುವವರಿಗೆ ಇದು ಆಗುವುದಿಲ್ಲ.

ಎರಡನೆಯದು ದೊಡ್ಡ ವ್ಯಾನು. ಫೋರ್ಸ್ ಟ್ರಾವೆಲರ್‌ನಂಥ ಗಾಡಿಯ ಹಿಂಭಾಗವನ್ನು ಗ್ಯಾರೇಜಾಗಿಸಿ, ಮುಂಭಾಗದಲ್ಲಿ ಮಲಗುವ ಜಾಗ ಮಾಡಿಕೊಳ್ಳುವುದು. ಘಾಟಿಯಲ್ಲಿ ಇದು ಅತ್ಯಂತ ನಿರಾಳ, ಏಕೆಂದರೆ ಹಿಂದೆ ಎಳೆಯುವ ಗಾಡಿ ಇರುವುದಿಲ್ಲ, ಬ್ರೇಕು ಕಾರ್ಖಾನೆಯಲ್ಲೇ ಆ ತೂಕಕ್ಕೆಂದು ಜೋಡಿಸಿದ್ದು. ಆದರೆ ವ್ಯಾನಿನ ಒಳಗನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡು ನಿಷಿದ್ಧ. ಮೋಟಾರ್ ಕ್ಯಾರವಾನ್ ಎಂಬ ಪ್ರತ್ಯೇಕ ವರ್ಗದಲ್ಲಿ ನೋಂದಣಿ ಮಾಡಿಸಿಕೊಡಬಲ್ಲವರಿಂದಲೇ ಕಟ್ಟಿಸಬೇಕು. ಖರ್ಚೂ ಹೆಚ್ಚು, ಊರಿನೊಳಗೆ ಉಳಿದ ದಿನಗಳಲ್ಲಿ ಈ ಗಾಡಿಗೆ ಕೆಲಸವೂ ಇರುವುದಿಲ್ಲ.

ಮೂರನೆಯದು ನಿಜವಾದ ಟಾಯ್ ಹಾಲರ್, ಅಂದರೆ ಎಸ್‌ಯುವಿಯೊಂದು ಎಳೆದೊಯ್ಯುವ ಟ್ರೈಲರ್. ಇದರ ಲಾಭ ಸ್ಪಷ್ಟ: ಹೋದಲ್ಲಿ ಟ್ರೈಲರನ್ನು ಕಳಚಿಟ್ಟು ಕಾರಿನಲ್ಲಿ ಓಡಾಡಬಹುದು, ವಾರದ ದಿನಗಳಲ್ಲಿ ಕಾರು ಕಾರಾಗಿಯೇ ಇರುತ್ತದೆ. ತೊಂದರೆಗಳೂ ಹೆಚ್ಚು ಇರುವುದು ಇದರಲ್ಲೇ, ಆದ್ದರಿಂದ ಮುಂದಿನ ಮಾತು ಬಹುಪಾಲು ಇದರ ಬಗ್ಗೆಯೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎತ್ತರದ ಟಯರು ಹಾಕಿ, ಕಾಡಿನ ದಾರಿಯಲ್ಲೂ ಹೋಗಬಲ್ಲದು ಎಂದು ಹೇಳಿ ಮಾರುವ ಟ್ರೈಲರುಗಳಿವೆ. ಬೈಕು ಹೋಗುವ ದಾರಿಗೆ ಟ್ರೈಲರು ಹೋಗಬೇಕಾಗಿಲ್ಲ. ಅದು ಹೋಮ್‌ಸ್ಟೇಯ ಅಂಗಳದಲ್ಲೋ ತೋಟದ ಮನೆಯ ಕಣದಲ್ಲೋ ನಿಂತಿರುತ್ತದೆ. ಟ್ರೈಲರು ಎತ್ತರವಾದಷ್ಟೂ ಬೈಕು ಹತ್ತಿಸುವುದು ಕಷ್ಟ, ತಿರುವಿನಲ್ಲಿ ಓಲಾಟ ಹೆಚ್ಚು. ಆ ಹಣವನ್ನು ಬ್ರೇಕಿಗೆ ಹಾಕಿ.

ಹೆಜ್ಜೆ 3: ತೂಕದ ಲೆಕ್ಕ

ಟ್ರೈಲರಿನ ಖಾಲಿ ತೂಕ ಕೇಳಿದರೆ ಮಾರುವವರು ಕೂಡಲೇ ಹೇಳುತ್ತಾರೆ. ನೀವು ಕೇಳಬೇಕಾದದ್ದು ತುಂಬಿದ ತೂಕದ ಮಿತಿ ಎಷ್ಟು, ಅದರಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೆಷ್ಟು ಎಂದು. ಒಂದು ಉದಾಹರಣೆ ನೋಡೋಣ. 160 ಕಿಲೊದ ಎರಡು ಬೈಕು ಅಂದರೆ 320. ಅರುವತ್ತು ಲೀಟರ್ ನೀರು ಅಂದರೆ 60 ಕಿಲೊ. ಬ್ಯಾಟರಿ, ಇನ್ವರ್ಟರ್, ಸಣ್ಣ ಫ್ರಿಜ್ ಸೇರಿ 40. ಹತ್ಯಾರಗಳು, ಜಾಕ್, ಹೆಚ್ಚುವರಿ ಚಕ್ರ ಸೇರಿ 50. ಹಾಸಿಗೆ, ಪಾತ್ರೆ, ದಿನಸಿ 60. ಇಬ್ಬರ ಹೆಲ್ಮೆಟ್, ಬೂಟು, ರಕ್ಷಾಕವಚ 24. ಇಪ್ಪತ್ತು ಲೀಟರ್ ಪೆಟ್ರೋಲು 15. ಒಟ್ಟು 569 ಕಿಲೊ. ಟ್ರೈಲರಿನ ಖಾಲಿ ತೂಕ 500 ಎಂದಿಟ್ಟುಕೊಂಡರೂ ರಸ್ತೆಗಿಳಿಯುವಾಗ ಒಂದು ಟನ್ ದಾಟಿರುತ್ತದೆ. ಇದನ್ನು ಎಳೆಯಲು ನಿಮ್ಮ ಗಾಡಿಗೆ ಅನುಮತಿ ಇದೆಯೇ ಎಂಬುದು ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಇರುತ್ತದೆ. ಬ್ರೇಕಿರುವ ಟ್ರೈಲರಿಗೆ ಎಷ್ಟು, ಬ್ರೇಕಿಲ್ಲದ್ದಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಕೊಟ್ಟಿರುತ್ತಾರೆ. ಕೈಪಿಡಿಯಲ್ಲಿ ಎಳೆಯಬಾರದು ಎಂದಿದ್ದರೆ ಎಳೆಯಬಾರದು. ಎಂಜಿನ್ನಿಗೆ ಶಕ್ತಿ ಇದೆ ಎಂಬುದು ಉತ್ತರವಲ್ಲ, ಏಕೆಂದರೆ ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟದ ಕೆಲಸ.

ಒಟ್ಟು ತೂಕ ಸರಿಯಿದ್ದರೂ ಅದು ಕೂತಿರುವ ಜಾಗ ತಪ್ಪಿದರೆ ಅಪಾಯ. ಟ್ರೈಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಒರಗುವ ಭಾರವನ್ನು ಮೂತಿಭಾರ ಎನ್ನೋಣ. ಅಮೆರಿಕದ ರೂಢಿಯಲ್ಲಿ ಇದು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕು; ಯುರೋಪಿನ ರೂಢಿಯಲ್ಲಿ ಇದಕ್ಕಿಂತ ಕಡಿಮೆ, ಅಲ್ಲಿ ವೇಗದ ಮಿತಿಯೂ ಕಡಿಮೆ. ನಮ್ಮ ಉದಾಹರಣೆಯ 1,070 ಕಿಲೊದ ಟ್ರೈಲರಿಗೆ ಹತ್ತು ಶೇಕಡಾ ಅಂದರೆ 107 ಕಿಲೊ. ಕೊಕ್ಕೆಯಿಂದ ಆಕ್ಸಲಿಗೆ, ಅಂದರೆ ಚಕ್ರಗಳ ಅಚ್ಚಿಗೆ, 3 ಮೀಟರ್ ದೂರವಿದ್ದು, 160 ಕಿಲೊದ ಒಂದು ಬೈಕನ್ನು ಬರೇ 60 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಮೂತಿಭಾರ 32 ಕಿಲೊ ಇಳಿದುಹೋಗುತ್ತದೆ. ಟಾಯ್ ಹಾಲರಿನ ಗ್ಯಾರೇಜು ಹಿಂದಿರುವುದರಿಂದ ಈ ತೊಂದರೆ ಅದರ ಹುಟ್ಟಿನಲ್ಲೇ ಇದೆ. ಆಕ್ಸಲು ಎಲ್ಲಿದೆ ಎಂದು ನೋಡಿ. ಬೈಕುಗಳ ಭಾರ ಆಕ್ಸಲಿನ ಮೇಲೆ ಅಥವಾ ಸ್ವಲ್ಪ ಮುಂದೆ ಬರುವಂತೆ ಕಟ್ಟಿದ ಗಾಡಿಯನ್ನೇ ಆರಿಸಿ. ಬೈಕು ಇಲ್ಲದೆ ಖಾಲಿ ಇದ್ದಾಗ ಮೂತಿ ತುಸು ಭಾರ ಅನ್ನಿಸಿದರೆ ಅದು ದೋಷವಲ್ಲ.

ನನ್ನ ಮೊದಲ ಟ್ರೈಲರಿನಲ್ಲಿ ಎರಡೂ ಬೈಕುಗಳನ್ನು ಇಳಿಸಲು ಸುಲಭವಾಗಲೆಂದು ಬಾಗಿಲಿನ ಹತ್ತಿರವೇ ಕಟ್ಟಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ ದಾಟಿ ಮಂಗಳೂರಿನ ಕಡೆ ಹೋಗುತ್ತಿದ್ದೆ. ವೇಗ 70ರ ಹತ್ತಿರ ಬಂದಾಗ, ಪಕ್ಕದಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ಗಾಳಿ ಎಬ್ಬಿಸಿಕೊಂಡು ಹೋದದ್ದೇ ತಡ, ಟ್ರೈಲರಿನ ಬಾಲ ಎಡಕ್ಕೆ ಬಲಕ್ಕೆ ತೂಗತೊಡಗಿತು. ಒಂದೊಂದು ತೂಗಿಗೂ ಕಾರಿನ ಹಿಂಭಾಗ ಎಳೆದಂತಾಗಿ ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು. ಇಂಥ ಹೊತ್ತಿನಲ್ಲಿ ಬ್ರೇಕು ಒತ್ತಬಾರದು, ಎದುರು ತಿರುಗಿಸಲೂ ಬಾರದು. ಸ್ಟಿಯರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಅಂದು ಹಾಗೆ ಮಾಡಿದ್ದರಿಂದ ಉಳಿದೆವು. ಬದಿಗೆ ನಿಲ್ಲಿಸಿ ಬೈಕುಗಳನ್ನು ಮುಂದಕ್ಕೆ ಸರಿಸಿ ಕಟ್ಟಿದ ಮೇಲೆ ಅದೇ ಟ್ರೈಲರು ಅದೇ ವೇಗದಲ್ಲಿ ಅಲುಗಾಡದೆ ಬಂತು.

ಮೂತಿಭಾರ ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು, ಅದರ ಮಿತಿ 150 ಕಿಲೊ ಇದ್ದರಾಯಿತು. ಟ್ರೈಲರನ್ನು ಪೂರ್ತಿ ತುಂಬಿ, ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಕೊಕ್ಕೆಯ ಎತ್ತರಕ್ಕೇ ಮೂತಿ ಬರುವಂತೆ ಮರದ ತುಂಡನ್ನು ಯಂತ್ರದ ಮೇಲಿಟ್ಟು ಅದರ ಮೇಲೆ ಮೂತಿಯನ್ನು ಇಳಿಸಿ. ಒಟ್ಟು ತೂಕಕ್ಕೆ ವೇ ಬ್ರಿಡ್ಜ್‌ಗೆ ಹೋಗಬೇಕು. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಇದಕ್ಕೆ ಅಲೆಯಬೇಕಾಗಿಲ್ಲ. ಕೊಕ್ಕೆಯ ಗುಂಡಿನ ಅಳತೆಯನ್ನೂ ನೋಡಿಕೊಳ್ಳಿ. 50 ಮಿಲಿಮೀಟರಿನದ್ದೂ ಇದೆ, ಅಮೆರಿಕದ ಅಳತೆಯ 2 ಇಂಚಿನದ್ದೂ ಇದೆ; ಎರಡರ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆಯಾದರೂ ಒಂದರ ಬಟ್ಟಲನ್ನು ಇನ್ನೊಂದರ ಗುಂಡಿಗೆ ಹಾಕಬಾರದು. ಕಳಚಿಕೊಂಡರೆ ಹಿಡಿಯಲು ಎರಡು ಸರಪಳಿಗಳು ಅಡ್ಡಡ್ಡವಾಗಿ ಇರಲೇಬೇಕು.

ಹೆಜ್ಜೆ 4: ಬ್ರೇಕು, ಚಕ್ರ, ಘಾಟಿ

ಯುರೋಪಿನಲ್ಲಿ 750 ಕಿಲೊ ದಾಟಿದ ಟ್ರೈಲರಿಗೆ ಅದರದ್ದೇ ಬ್ರೇಕು ಕಡ್ಡಾಯ. ಈ ಒಂದು ಅಂಕಿಯನ್ನು ನಾವು ಇಲ್ಲಿಯೂ ನಿಯಮದಂತೆ ಪಾಲಿಸುವುದು ಒಳ್ಳೆಯದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದು ಟನ್ನಿನ ಹೊರೆ ಹಿಂದಿನಿಂದ ತಳ್ಳುತ್ತಿರುವಾಗ ಕಾರಿನ ಬ್ರೇಕು ಮಾತ್ರವೇ ಎರಡೂ ಗಾಡಿಗಳನ್ನು ಹಿಡಿಯಬೇಕಾದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಟ್ರೈಲರಿನ ಬ್ರೇಕುಗಳಲ್ಲಿ ಎರಡು ಬಗೆ. ಓವರ್‌ರನ್ ಬ್ರೇಕು ಟ್ರೈಲರು ಕಾರನ್ನು ತಳ್ಳಿದಾಗ ತಾನಾಗಿ ಹಿಡಿಯುತ್ತದೆ, ಜೋಡಣೆ ಸರಳ. ಆದರೆ ಉದ್ದನೆಯ ಇಳಿಜಾರಿನಲ್ಲಿ ಟ್ರೈಲರು ಸದಾ ತಳ್ಳುತ್ತಲೇ ಇರುವುದರಿಂದ ಅದು ಸದಾ ಉಜ್ಜುತ್ತಲೇ ಇರುತ್ತದೆ. ವಿದ್ಯುತ್ ಬ್ರೇಕನ್ನು ಕಾರಿನೊಳಗಿನ ನಿಯಂತ್ರಕದಿಂದ ಬೇಕಾದಷ್ಟು ಹಿಡಿಸಬಹುದು. ಘಾಟಿಯವರಿಗೆ ಇದೇ ಮೇಲು, ಖರ್ಚು ಹೆಚ್ಚಾದರೂ. ಯಾವುದಿದ್ದರೂ ಇಳಿಯುವಾಗ ಹತ್ತಿದ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲೇ ಇಳಿಯಬೇಕು.

ಚಕ್ರದ ವಿಷಯ ಚಿಕ್ಕದು. ಟಯರಿನ ಬದಿಯಲ್ಲಿ ಹೊರೆಯ ಸೂಚ್ಯಂಕ ಇರುತ್ತದೆ: 91 ಅಂದರೆ ಒಂದು ಟಯರಿಗೆ 615 ಕಿಲೊ, 100 ಅಂದರೆ 800 ಕಿಲೊ. ನಾಲ್ಕು ಅಂಕಿಯ ತಯಾರಿಕೆಯ ಗುರುತನ್ನೂ ಓದಿ. 3523 ಎಂದಿದ್ದರೆ ಅದು 2023ರ 35ನೆಯ ವಾರದ್ದು. ಟ್ರೈಲರಿನ ಟಯರು ಸವೆಯುವ ಮೊದಲೇ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಆದ್ದರಿಂದ ಹಳೆಯ ಟ್ರೈಲರಿನಲ್ಲಿ ಟಯರಿನ ಗೆರೆ ಇನ್ನೂ ಆಳವಾಗಿದೆ ಎಂದು ಸಮಾಧಾನಪಡಬಾರದು. ಸಾಧ್ಯವಿದ್ದರೆ ಕಾರಿನ ಚಕ್ರವೇ ಟ್ರೈಲರಿಗೂ ಹಿಡಿಯುವಂತೆ ಬೋಲ್ಟಿನ ಅಳತೆ ಮಾಡಿಸಿಕೊಳ್ಳಿ.

ಹೆಜ್ಜೆ 5: ಉಪ್ಪು ಮತ್ತು ಮಳೆ

ಕಟ್ಟಿಸಿದ ಟ್ರೈಲರುಗಳು ನಮ್ಮ ಕಡೆ ಹಾಳಾಗುವುದು ಓಡಿ ಅಲ್ಲ, ನಿಂತು. ನನ್ನ ಟ್ರೈಲರನ್ನು ಕಟ್ಟಿಕೊಟ್ಟವರು ಮಾಮೂಲಿ ಕಬ್ಬಿಣದ ಚೌಕ ಪೈಪು ಬಳಸಿ, ಮೇಲೆ ಎರಡು ಕೈ ಬಣ್ಣ ಬಳಿದು, ನೆಲಕ್ಕೆ ಸಾಧಾರಣ ಪ್ಲೈವುಡ್ ಹಾಕಿದ್ದರು. ಹೊರಗಿನಿಂದ ಅದು ಫಳಫಳ ಹೊಳೆಯುತ್ತಿತ್ತು. ಮೊದಲ ಮಳೆಗಾಲ ಕಳೆದು ಗಣೇಶ ಚೌತಿಯ ಹೊತ್ತಿಗೆ ಬಾಗಿಲು ತೆರೆದಾಗ, ಒಳಗಿನ ಗಾಳಿಯಲ್ಲೇ ಕೊಳೆತ ಮರದ ವಾಸನೆ ಇತ್ತು. ಮೂಲೆಯಲ್ಲಿ ಮ್ಯಾಟು ಎತ್ತಿ ಹೆಬ್ಬೆರಳಿನಿಂದ ಒತ್ತಿದರೆ ಪ್ಲೈವುಡ್ ಒದ್ದೆ ಬಿಸ್ಕತ್ತಿನಂತೆ ಒಳಕ್ಕೆ ಹೋಯಿತು. ಅದರ ಕೆಳಗಿನ ಪೈಪಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದಾಗ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂತು, ಒಂದು ತೂತಿನಿಂದ ಕಂದು ನೀರು ಒಸರಿತು. ಪೈಪಿನೊಳಗೆ ಸೇರಿದ ನೀರಿಗೆ ಹೊರಬರಲು ದಾರಿಯನ್ನೇ ಇಟ್ಟಿರಲಿಲ್ಲ.

ನೆಲವನ್ನು ಮತ್ತೆ ಹಾಕಿಸುವಾಗ ಮಲ್ಪೆಯಲ್ಲಿ ದೋಣಿಗಳ ಫೈಬರ್ ಕೆಲಸ ಮಾಡುವವರೊಬ್ಬರನ್ನು ಕರೆತಂದೆ. ಅವರು ಬಂದು ಮಾಡನ್ನು ನೋಡಲೇ ಇಲ್ಲ, ಕುಕ್ಕರುಗಾಲಲ್ಲಿ ಕುಳಿತು ಸ್ಕ್ರೂಗಳನ್ನೇ ಒಂದೊಂದಾಗಿ ನೋಡಿದರು. "ನೀರು ಮೇಲಿಂದ ಬರುದಲ್ಲ ಮಾರಾಯ್ರೇ, ಸ್ಕ್ರೂ ಹೊಡೆದ ತೂತಿನಿಂದ ಬರುದು. ಮರ ಕೊರೆದಲ್ಲೆಲ್ಲ ಮೊದಲು ರೆಸಿನ್ ಕುಡಿಸ್ಬೇಕು, ಮತ್ತೆ ಸ್ಕ್ರೂ" ಎಂದರು. ಗಾಡಿ ನೋಡುವ ನನ್ನ ಕ್ರಮವೇ ಅಂದಿನಿಂದ ಬದಲಾಯಿತು. ನೀವೂ ಹೀಗೆ ನೋಡಿ: ಚೌಕಟ್ಟು ಪೂರ್ತಿ ಬೆಸುಗೆಯಾದ ಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದ ಗ್ಯಾಲ್ವನೈಜ್ಡ್ ಆಗಿರಲಿ. ಮೊದಲೇ ಜಿಐ ಪೈಪು ತಂದು ಬೆಸೆದರೆ ಬೆಸುಗೆಯ ಜಾಗದಲ್ಲಿ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಪ್ರತಿ ಪೈಪಿನ ತಗ್ಗಿನ ತುದಿಯಲ್ಲಿ ನೀರು ಇಳಿಯುವ ತೂತು ಇರಬೇಕು. ನೆಲದ ಪ್ಲೈವುಡ್‌ನಲ್ಲಿ ಐಎಸ್ 710 ಎಂಬ ಮುದ್ರೆ ಇದ್ದರೆ ಅದು ಮರೈನ್ ದರ್ಜೆಯದ್ದು. ಮುದ್ರೆ ಕಾಣುವಂತೆ ಹಲಗೆ ಹಾಕುವ ಮೊದಲೇ ಫೋಟೊ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಹಾಳೆಯನ್ನು ನೇರವಾಗಿ ಉಕ್ಕಿಗೆ ಬಿಗಿದರೆ ಉಪ್ಪುನೀರಿನ ಸಹವಾಸದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಆದ್ದರಿಂದ ನಡುವೆ ರಬ್ಬರಿನ ಪಟ್ಟಿ ಇರಬೇಕು. ಹೊರಗಿನ ಸ್ಕ್ರೂ, ತಿರುಗಣಿಗಳು 316 ದರ್ಜೆಯ ಸ್ಟೇನ್‌ಲೆಸ್ ಆಗಿದ್ದರೆ ಒಳ್ಳೆಯದು. ಪೇಟೆಯಲ್ಲಿ ಸುಲಭವಾಗಿ ಸಿಗುವ 304 ಕಡಲಿನ ಹತ್ತಿರ ಕಂದು ಕಲೆ ಹಿಡಿಯುತ್ತದೆ.

ಹಳೆಯ ಟ್ರೈಲರ್ ಕೊಳ್ಳುವವರು ಜುಲೈ ತಿಂಗಳಲ್ಲೇ ನೋಡಲು ಹೋಗಬೇಕು. ಮಾರ್ಚಿಯಲ್ಲಿ ಎಲ್ಲ ಟ್ರೈಲರುಗಳೂ ಸೋರದವೇ.

ಹಾಸಿಗೆಗೆ ತೆಂಗಿನ ನಾರು ಬೇಡ. ತೇವ ಹಿಡಿದರೆ ಒಣಗುವುದಿಲ್ಲ. ಎದುರುಬದುರು ಎರಡು ಕಿಟಕಿ ಮತ್ತು ಮಾಡಿನಲ್ಲೊಂದು ಗಾಳಿಗಂಡಿ ಇಲ್ಲದ ಪೆಟ್ಟಿಗೆಯಲ್ಲಿ ಆಷಾಢದ ಒಂದು ತಿಂಗಳು ಸಾಕು, ಬಟ್ಟೆಯ ಮೇಲೆಲ್ಲ ಬೂಸಲು ಬರುತ್ತದೆ.

ಹೆಜ್ಜೆ 6: ರ್‍ಯಾಂಪ್ ಮತ್ತು ಕಟ್ಟುವ ಕೊಂಡಿಗಳು

ಗಾಡಿಯ ನೆಲ ಭೂಮಿಯಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದು ರ್‍ಯಾಂಪ್ ಒಂದೂವರೆ ಮೀಟರ್ ಉದ್ದವಿದ್ದರೆ ಏರು ಸುಮಾರು 24 ಡಿಗ್ರಿ, ರ್‍ಯಾಂಪ್ 2.4 ಮೀಟರ್ ಇದ್ದರೆ ಸುಮಾರು 14 ಡಿಗ್ರಿ. ಅಂಕಿಯಲ್ಲಿ ಸಣ್ಣದಾಗಿ ಕಾಣುವ ಈ ಅಂತರ, ಸಂಜೆ ಸುಸ್ತಾಗಿ, ಟಯರಿನ ತುಂಬ ಕೆಂಪು ಕೆಸರು ಮೆತ್ತಿಕೊಂಡು ಬಂದು ಬೈಕು ತಳ್ಳುವಾಗ ತುಂಬ ದೊಡ್ಡದು. ನಮ್ಮ ಮುರಮಣ್ಣು ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಉಬ್ಬುಗೆರೆಯ ಚೆಕರ್ಡ್ ಪ್ಲೇಟಿಗಿಂತ ನೀರೂ ಕೆಸರೂ ಕೆಳಕ್ಕೆ ಬೀಳುವ ಜಾಲರಿಯ ರ್‍ಯಾಂಪ್ ಮೇಲು. ಬೈಕಿನ ಪಕ್ಕ ನೀವೂ ನಡೆದು ಹೋಗುವಷ್ಟು ಅಗಲ ಇರಬೇಕು. ರ್‍ಯಾಂಪ್ ಇಳಿಸಿದಾಗ ಟ್ರೈಲರಿನ ಬಾಲ ಕುಸಿದು ಮೂತಿ ಮೇಲೇಳದಂತೆ ಹಿಂದಿನ ಎರಡು ಮೂಲೆಗೂ ಇಳಿಸುವ ಕಾಲುಗಳಿರಬೇಕು.

ಬೈಕು ಕಟ್ಟುವ ಕೊಂಡಿಗಳು ನೆಲದ ಹಲಗೆಗಲ್ಲ, ಕೆಳಗಿನ ಚೌಕಟ್ಟಿಗೇ ಬೋಲ್ಟಾಗಿವೆಯೇ ಎಂದು ಗಾಡಿಯಡಿಗೆ ಬಗ್ಗಿ ಕಣ್ಣಾರೆ ನೋಡಿ. ಒಂದು ಬೈಕಿಗೆ ನಾಲ್ಕು ಕೊಂಡಿ, ಮುಂಚಕ್ರಕ್ಕೆ ಅಡೆ. ರ್‍ಯಾಚೆಟ್ ಬೆಲ್ಟು ಎಳೆಯುವಾಗ ಮುಂದಿನ ಫೋರ್ಕು ಪೂರ್ತಿ ಕುಗ್ಗುವಂತೆ ಬಿಗಿಯಬಾರದು, ಅರ್ಧಕ್ಕಿಂತ ಕಡಿಮೆ ಕುಗ್ಗಿದರೆ ಸಾಕು. ಹತ್ತು ಕಿಲೊಮೀಟರ್ ಹೋದ ಮೇಲೆ ಒಮ್ಮೆ, ಘಾಟಿಯ ಬುಡದಲ್ಲಿ ಇನ್ನೊಮ್ಮೆ ನಿಲ್ಲಿಸಿ ಬೆಲ್ಟು ಮುಟ್ಟಿ ನೋಡಬೇಕು.

ಹೆಜ್ಜೆ 7: ಪೆಟ್ರೋಲು ಇರುವಲ್ಲಿ ಮಲಗುವುದು

ಇದು ಈ ಲೇಖನದ ಅತ್ಯಂತ ಗಂಭೀರ ಭಾಗ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ. ಎರಡೂ ನೆಲದ ಮಟ್ಟದಲ್ಲಿ ಹರಡಿ, ತಗ್ಗಿನಲ್ಲಿ ನಿಂತು ಕಿಡಿಗಾಗಿ ಕಾಯುತ್ತವೆ. ಮೇಲಿನ ಕಿಟಕಿ ತೆರೆದಿಟ್ಟರೆ ಅವು ಹೊರಹೋಗುವುದಿಲ್ಲ. ನೆಲಕ್ಕೆ ಹೊಂದಿಕೊಂಡೇ ಗಾಳಿಗಂಡಿಗಳಿರಬೇಕು. ಅಮೆರಿಕದ ಒಳ್ಳೆಯ ಟಾಯ್ ಹಾಲರುಗಳಲ್ಲಿ ಗ್ಯಾರೇಜಿಗೂ ಮಲಗುವ ಜಾಗಕ್ಕೂ ನಡುವೆ ಗೋಡೆ, ಮುಚ್ಚುವ ಬಾಗಿಲು ಇರುತ್ತದೆ. ನಮ್ಮ ಸಣ್ಣ ಗಾಡಿಗಳಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ರಾತ್ರಿ ಬೈಕುಗಳು ಹೊರಗೇ ಇರಬೇಕು, ಚೌಕಟ್ಟಿಗೆ ಸರಪಳಿ ಹಾಕಿ ಬೀಗ ಜಡಿದರಾಯಿತು. ಬೈಕು ಇಳಿಸಿದ ಮೇಲೆ ಒಂದು ಗಂಟೆಯಾದರೂ ಎಲ್ಲ ಬಾಗಿಲು ತೆರೆದಿಡಿ. ಮಳೆ ಬರುತ್ತಿದೆ ಎಂದು ಬೈಕನ್ನು ಒಳಗಿಟ್ಟುಕೊಂಡು ಪಕ್ಕದಲ್ಲೇ ಮಕ್ಕಳನ್ನು ಮಲಗಿಸಬೇಡಿ. ಇನ್ವರ್ಟರ್, ಫ್ರಿಜ್‌ಗಳನ್ನು ಗ್ಯಾರೇಜಿನ ನೆಲದಲ್ಲಿ ಇಡಬೇಡಿ. ಒಲೆಯನ್ನು ಹೊರಗೆ ಎಳೆಯುವಂಥ ಕಟ್ಟೆಯಲ್ಲಿ ಮಾಡಿಸಿ, 5 ಕಿಲೊದ ಸಿಲಿಂಡರನ್ನು ಹೊರಗಿನಿಂದ ತೆರೆಯುವ ಪ್ರತ್ಯೇಕ ಪೆಟ್ಟಿಗೆಯಲ್ಲಿಡಿ. ಅನಿಲ ಸೋರಿಕೆಯ ಮತ್ತು ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆ ಗಂಟೆಗಳು ಎರಡೂ ಬೇಕು.

ಹೆಜ್ಜೆ 8: ವಿದ್ಯುತ್ತು ಮತ್ತು ನೀರು

ಸಣ್ಣ ಫ್ರಿಜ್ಜಿಗೆ ದಿನಕ್ಕೆ 450 ವ್ಯಾಟ್-ಅವರ್, 28 ವ್ಯಾಟಿನ ಫ್ಯಾನು ಎಂಟು ಗಂಟೆಗೆ 224, ದೀಪ ಮತ್ತು ಫೋನುಗಳಿಗೆ 110 ಎಂದು ಹಿಡಿದರೆ ಒಟ್ಟು 800ರ ಹತ್ತಿರ. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1,280 ಕೊಡುತ್ತದೆ, ಒಂದು ದಿನಕ್ಕೆ ಧಾರಾಳ ಸಾಕು. ಎಸಿ ಮಾತ್ರ ಈ ಬ್ಯಾಟರಿಯಲ್ಲಿ ಒಂದು ರಾತ್ರಿ ಓಡದು. ಮಲೆನಾಡಿಗೆ ಹೋಗುವವರಿಗೆ ಅಕ್ಟೋಬರದಿಂದ ಫೆಬ್ರವರಿವರೆಗೆ ಎಸಿ ಬೇಕೂ ಆಗುವುದಿಲ್ಲ. ಮೋಡದ ದಿನಗಳಲ್ಲಿ ಸೌರಫಲಕ ನಂಬಿಕೆಗೆ ಅರ್ಹವಲ್ಲ. ಓಡುವಾಗ ಕಾರಿನಿಂದ ಚಾರ್ಜ್ ಆಗುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ನೀರನ್ನು ಮನೆಯಿಂದ ತುಂಬಿಕೊಂಡು ಘಾಟಿ ಹತ್ತುವ ಬದಲು ಮೇಲೆ ಹೋಗಿ ತುಂಬಿಸಿದರೆ 60 ಕಿಲೊ ಉಳಿಯಿತು.

ಹೆಜ್ಜೆ 9: ಕಾಗದಪತ್ರ, ಆಮೇಲೆ ಪರೀಕ್ಷೆಯ ಓಟ

ಮೋಟಾರು ವಾಹನ ಎಂಬ ಪದದ ಕಾನೂನಿನ ವ್ಯಾಖ್ಯೆಯೊಳಗೆ ಟ್ರೈಲರೂ ಸೇರುತ್ತದೆ, ಆದ್ದರಿಂದ ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ಮುಂಗಡ ಕೊಡುವ ಮೊದಲೇ ಕಟ್ಟುವವರ ಬಳಿ ಇರುವ ಮಾದರಿ ಅನುಮೋದನೆಯ ಪ್ರತಿ ಪಡೆದು, ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಆ ಕಾಗದದ ಮೇಲೆ ನೋಂದಣಿ ಆಗುತ್ತದೆಯೇ ಎಂದು ಕೇಳಿ ಬನ್ನಿ. ನೋಂದಣಿ ಆಮೇಲೆ ಮಾಡಿಸೋಣ ಎನ್ನುವವರಿಂದ ಗಾಡಿ ಕೊಳ್ಳಬೇಡಿ. ಕಾರಿನ ವಿಮಾ ಕಂಪೆನಿಗೂ ಟ್ರೈಲರ್ ಎಳೆಯುವ ವಿಷಯವನ್ನು ಬರಹದಲ್ಲಿ ತಿಳಿಸಿ.

ಕೊನೆಯ ಕಂತಿನ ಹಣವನ್ನು ಪರೀಕ್ಷೆಯ ಓಟ ಮುಗಿಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೊಮೀಟರ್; ವಾರದ ದಿನ ಬೆಳಿಗ್ಗೆ ಬೇಗ ಹೊರಟರೆ ವಾಹನ ದಟ್ಟಣೆ ಕಡಿಮೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿಗಳಲ್ಲಿ ಜಿಲ್ಲಾಡಳಿತ ವಾಹನ ನಿರ್ಬಂಧ ಹಾಕುವುದುಂಟು, ಮೊದಲೇ ವಿಚಾರಿಸಿಕೊಳ್ಳಿ. ಮೊದಲ ಸಲ ಬೈಕಿನ ತೂಕದಷ್ಟೇ ಮರಳು ಚೀಲಗಳನ್ನು ಕಟ್ಟಿಕೊಂಡು ಹೋಗಿ. ಹೊರೆ ಜಾರಿದರೂ ಬೈಕಿಗೆ ಪೆಟ್ಟಾಗುವುದಿಲ್ಲ. ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದ ಕೂಡಲೇ ಅಂಗೈಯನ್ನು ಚಕ್ರದ ಹಬ್ಬಿನ ಹತ್ತಿರ ಒಯ್ಯಿರಿ, ಮುಟ್ಟಬೇಡಿ. ಎಡದ ಮತ್ತು ಬಲದ ಬಿಸಿ ಒಂದೇ ಸಮ ಇರಬೇಕು. ಒಂದು ಬದಿ ಹೆಚ್ಚು ಕಾದಿದ್ದರೆ ಬೇರಿಂಗು ಬಿಗಿಯಾಗಿದೆ ಅಥವಾ ಬ್ರೇಕು ಬಿಡುತ್ತಿಲ್ಲ ಎಂದರ್ಥ. ಮನೆಗೆ ಬಂದ ಮೇಲೆ ಮಾಡಿನ ಮೇಲೆ ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು, ಒಳಗೆ ಮೂಲೆಮೂಲೆಗೂ ಒಣ ನ್ಯೂಸ್‌ಪೇಪರ್ ಹಾಸಿಟ್ಟು, ಮರುದಿನ ಬೆಳಿಗ್ಗೆ ತೆರೆದು ನೋಡಿ. ಪೇಪರಿನಲ್ಲಿ ಒದ್ದೆ ಗುರುತು ಇರುವಲ್ಲಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, ಆ ಪೇಪರನ್ನೇ ಕಟ್ಟಿಕೊಟ್ಟವರ ಕೈಗೆ ಕೊಡಿ. ಅದು ಸರಿಯಾದ ಮೇಲೆ ಕೊನೆಯ ಕಂತು.